ಕ್ರೇಟಿನ ಮೇಲಿನ ಚೀಟಿಗೆ ಹಣ ಕೊಡುವವರು ಯಾರು? ಬೇಗ ಕೆಡುವ ಆಹಾರದ ಜಾಡು ಹಿಡಿಯುವ ಲೆಕ್ಕಾಚಾರ

ಕೊಡಗಿನ ಕಾಫಿ ತೋಟಗಳಲ್ಲಿ ನೆರಳಿನ ಮರಗಳ ನಡುವೆ ಬೆಳೆಯುವ ಬೆಣ್ಣೆಹಣ್ಣು, ಅಂದರೆ ಪೇಟೆಯಲ್ಲಿ ಬಟರ್ ಫ್ರೂಟ್ ಎಂದೇ ಮಾರಾಟವಾಗುವ ಹಣ್ಣು, ಮರದಲ್ಲಿ ಇರುವಷ್ಟು ದಿನ ಮೆತ್ತಗಾಗುವುದಿಲ್ಲ. ಬಲಿತ ಕಾಯನ್ನು ಕೊಯ್ದ ಮೇಲೆಯೇ ಅದು ಹಣ್ಣಾಗಲು ಶುರುವಾಗುತ್ತದೆ. ಏಣಿ ಹತ್ತಿ, ತೊಟ್ಟು ಉಳಿಯುವಂತೆ ಕತ್ತರಿಸಿ ಚೀಲಕ್ಕೆ ಇಳಿಸಿದ ಕಾಯಿಗೂ, ಉದ್ದನೆಯ ಕೋಲಿನಿಂದ ಬಡಿದು ನೆಲಕ್ಕೆ ಕೆಡವಿದ ಕಾಯಿಗೂ ಕೊಯ್ದ ದಿನ ಹೊರನೋಟದಲ್ಲಿ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಎರಡೂ ಹಸಿರಾಗಿರುತ್ತವೆ, ಎರಡೂ ಗಟ್ಟಿಯಾಗಿರುತ್ತವೆ, ಗೋಣಿಕೊಪ್ಪಲಿನಲ್ಲಿ ತಕ್ಕಡಿಯ ಮೇಲೆ ಎರಡಕ್ಕೂ ಒಂದೇ ದರ ಸಿಗುತ್ತದೆ. ಕೆಲವು ದಿನಗಳ ನಂತರ ಬೆಂಗಳೂರಿನ ಯಾವುದೋ ಮನೆಯಲ್ಲಿ ಹಣ್ಣನ್ನು ಸೀಳಿದಾಗ ಒಂದರ ಒಳಗೆ ಹಳದಿ ಹಸಿರು ತಿರುಳು, ಇನ್ನೊಂದರ ಒಳಗೆ ಪೆಟ್ಟು ಬಿದ್ದ ಕಡೆಯೆಲ್ಲ ಕಪ್ಪು. ಅಷ್ಟು ಹೊತ್ತಿಗೆ ಆ ಹಣ್ಣು ಯಾವ ತೋಟದ್ದು, ಯಾವ ದಿನ ಕೊಯ್ದದ್ದು, ಯಾರ ಪಿಕಪ್‌ನಲ್ಲಿ ಬಂದದ್ದು ಎಂದು ಹೇಳಬಲ್ಲವರು ಒಬ್ಬರೂ ಇರುವುದಿಲ್ಲ.

ಇದನ್ನು ಅಶಿಸ್ತು ಅಥವಾ ಅಜಾಗರೂಕತೆ ಎಂದು ತಳ್ಳಿಹಾಕುವುದು ಸುಲಭವಾದರೂ, ಇದರ ಹಿಂದೆ ಗಟ್ಟಿಯಾದ ಅರ್ಥಶಾಸ್ತ್ರವಿದೆ. ಮಾರುವವನಿಗೆ ಸರಕಿನ ಗುಣ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದ ಪೇಟೆಯಲ್ಲಿ ಏನಾಗುತ್ತದೆ ಎಂಬುದನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಉದಾಹರಣೆಯಿಂದ ವಿವರಿಸಿದರು. 2001ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿಯೂ ಬಂತು. ಒಳ್ಳೆಯದನ್ನೂ ಕೆಟ್ಟದ್ದನ್ನೂ ಬೇರ್ಪಡಿಸಲಾಗದ ಕೊಳ್ಳುಗ ಎರಡರ ಸರಾಸರಿಗೆ ತಕ್ಕ ಬೆಲೆಯನ್ನಷ್ಟೇ ಕೊಡುತ್ತಾನೆ. ಆ ಬೆಲೆ ಒಳ್ಳೆಯ ಸರಕಿನವನಿಗೆ ಗಿಟ್ಟುವುದಿಲ್ಲವಾದ್ದರಿಂದ ಅವನು ಹಿಂದೆ ಸರಿಯುತ್ತಾನೆ, ಸರಾಸರಿ ಇನ್ನಷ್ಟು ಕುಸಿಯುತ್ತದೆ, ಬೆಲೆಯೂ ಅದರ ಹಿಂದೆಯೇ ಇಳಿಯುತ್ತದೆ. ಬೆಣ್ಣೆಹಣ್ಣಿನ ವಿಷಯದಲ್ಲಿ ಆಗುವುದು ಇದೇ. ಏಣಿಗೆ, ಕತ್ತರಿಗೆ, ನಿಧಾನವಾಗಿ ಕೊಯ್ಯುವ ಆಳಿನ ಕೂಲಿಗೆ ಹೆಚ್ಚು ಖರ್ಚು ಮಾಡಿದ ಬೆಳೆಗಾರನಿಗೆ ಮಂಡಿಯಲ್ಲಿ ಒಂದು ರೂಪಾಯಿಯೂ ಹೆಚ್ಚು ಸಿಗದಿದ್ದರೆ, ಮುಂದಿನ ವರ್ಷ ಅವನೂ ಕೋಲನ್ನೇ ಹಿಡಿಯುತ್ತಾನೆ, ಮತ್ತು ಹಾಗೆ ಮಾಡುವುದರಲ್ಲಿ ಅವನ ತಪ್ಪೇನೂ ಇಲ್ಲ.

ಆಹಾರದ ಜಾಡು ಹಿಡಿಯುವ ವ್ಯವಸ್ಥೆ ಎಂದು ಇಂದು ಕರೆಯುವುದೆಲ್ಲ ಈ ಕುರುಡುತನವನ್ನು ಕಡಿಮೆ ಮಾಡುವ ಪ್ರಯತ್ನವೇ. ಅದರಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ, ಅವುಗಳನ್ನು ಬೆರೆಸಿ ಮಾತನಾಡುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ. ಒಂದು, ಸರಕು ಎಲ್ಲಿಂದ ಬಂತು, ಯಾರ ಯಾರ ಕೈದಾಟಿತು ಎಂಬ ಮೂಲದ ದಾಖಲೆ. ಇದಕ್ಕೆ ಚೀಟಿ, ರಿಜಿಸ್ಟರ್, ಕ್ಯೂಆರ್ ಕೋಡ್, ರೇಡಿಯೊ ಟ್ಯಾಗ್ ಯಾವುದಾದರೂ ಆದೀತು. ಇನ್ನೊಂದು, ದಾರಿಯುದ್ದಕ್ಕೂ ಅದರ ಮೇಲೆ ಏನೇನು ಕಳೆಯಿತು, ಅಂದರೆ ಎಷ್ಟು ಹೊತ್ತು ಎಷ್ಟು ಬಿಸಿಯಲ್ಲಿ ಇತ್ತು ಎಂಬ ಸ್ಥಿತಿಯ ದಾಖಲೆ. ಇದಕ್ಕೆ ಉಷ್ಣಾಂಶ ಬರೆದಿಟ್ಟುಕೊಳ್ಳುವ ಡೇಟಾ ಲಾಗರ್ ಎಂಬ ಪುಟ್ಟ ಉಪಕರಣವೋ, ಬಿಸಿ ತಗುಲಿದಷ್ಟೂ ಬಣ್ಣ ಬದಲಿಸುವ ಅಂಟುಪಟ್ಟಿಯೋ ಬೇಕು.

ಎರಡನೆಯದು ಯಾಕೆ ಮುಖ್ಯವೆಂದರೆ, ಕೊಯ್ದ ಹಣ್ಣು ಉಸಿರಾಡುತ್ತಲೇ ಇರುತ್ತದೆ, ಮತ್ತು ಉಷ್ಣಾಂಶ 10 ಡಿಗ್ರಿ ಏರಿದರೆ ಆ ಉಸಿರಾಟದ ವೇಗ ಸಾಮಾನ್ಯವಾಗಿ ಎರಡರಿಂದ ಮೂರು ಪಟ್ಟಾಗುತ್ತದೆ. ಹೀಗಾಗಿ ಒಂದೇ ದಿನ ಒಂದೇ ಮರದಿಂದ ಇಳಿದ ಎರಡು ಕ್ರೇಟುಗಳಲ್ಲಿ ಒಂದು ನೆರಳಿನ ಶೆಡ್ಡಿನಲ್ಲಿಯೂ ಇನ್ನೊಂದು ಟಾರ್ಪಾಲು ಮುಚ್ಚಿದ ಲಾರಿಯ ಮೇಲ್ಪದರದಲ್ಲಿಯೂ ಮಧ್ಯಾಹ್ನ ಕಳೆದರೆ, ತಾರೀಖು ಒಂದೇ ಆದರೂ ಅವುಗಳ ಉಳಿದ ಆಯಸ್ಸು ಒಂದೇ ಅಲ್ಲ. ಮೊದಲು ಬಂದದ್ದನ್ನು ಮೊದಲು ಮಾರುವುದು ನಮ್ಮ ಅಂಗಡಿಗಳ ಹಳೆಯ ರೂಢಿ. ಸ್ಥಿತಿಯ ದಾಖಲೆ ಕೈಯಲ್ಲಿದ್ದರೆ, ಮೊದಲು ಕೆಡುವುದನ್ನು ಮೊದಲು ಮಾರಬಹುದು: ಬಿಸಿ ತಿಂದ ಕ್ರೇಟನ್ನು ಹತ್ತಿರದ ಮೈಸೂರಿನಲ್ಲೇ ಇಳಿಸಿ, ತಂಪಾಗಿ ಬಂದದ್ದನ್ನು ಚೆನ್ನೈಗೆ ಕಳಿಸಬಹುದು. ಒಂದು ಹಣ್ಣನ್ನೂ ಹೆಚ್ಚು ಬೆಳೆಯದೆ, ಒಂದು ಕೋಲ್ಡ್ ಸ್ಟೋರೇಜನ್ನೂ ಕಟ್ಟದೆ, ಬರೀ ಸಾಲು ಬದಲಿಸಿದ್ದರಿಂದ ಪೋಲು ತಗ್ಗುತ್ತದೆ.

ಇದರಲ್ಲಿ ಹಣದ ಲೆಕ್ಕ ಹೇಗೆ ಕೂಡುತ್ತದೆ ಎಂದು ನೋಡಲು ಕೆಲವು ಅಂಕಿಗಳನ್ನು ಊಹಿಸಿಕೊಳ್ಳೋಣ. ಇವು ವಿಷಯ ತಿಳಿಯಲೆಂದು ಹಿಡಿದವೇ ಹೊರತು ಪೇಟೆಯ ದರಗಳಲ್ಲ. ಒಂದು ವಾಹನದಲ್ಲಿ 20 ಕಿಲೋದ 100 ಕ್ರೇಟು, ಕಿಲೋಗೆ 100 ರೂಪಾಯಿ, ದಾರಿಯಲ್ಲೂ ಅಂಗಡಿಯಲ್ಲೂ ಸೇರಿ ಶೇ 12ರಷ್ಟು ನಷ್ಟ. ಅಂದರೆ 240 ಕಿಲೋ ಹಣ್ಣು, 24,000 ರೂಪಾಯಿ. ಸಾಲು ಬದಲಿಸಿ ಮಾರಿದ್ದರಿಂದ ನಷ್ಟ ಶೇ 9ಕ್ಕೆ ಇಳಿಯಿತೆಂದರೆ ಉಳಿದದ್ದು 60 ಕಿಲೋ, 6,000 ರೂಪಾಯಿ. ಕ್ರೇಟಿಗೊಂದು ಚೀಟಿಗೆ 2 ರೂಪಾಯಿ, ದಾರಿಯ ಮೂರು ಕಡೆ ಅದನ್ನು ನೋಡಿ ಬರೆದುಕೊಳ್ಳುವ ಕೆಲಸಕ್ಕೆ 3 ರೂಪಾಯಿ, ಇಡೀ ವಾಹನಕ್ಕೆ ಒಂದು ಲಾಗರ್‌ನ ಸವಕಳಿ ಮತ್ತು ಅದನ್ನು ಹಿಂದಕ್ಕೆ ತರಿಸುವ ಖರ್ಚು 200 ರೂಪಾಯಿ ಎಂದಿಟ್ಟರೆ ಒಟ್ಟು ವೆಚ್ಚ 700 ರೂಪಾಯಿ. ಲಾಭ ಕಣ್ಣಿಗೆ ಕಾಣುವಂತಿದೆ. ಆದರೆ ಅದೇ ಲೆಕ್ಕವನ್ನು ಮೂರೇ ಕ್ರೇಟು ಕಳಿಸುವ ಸಣ್ಣ ಬೆಳೆಗಾರನಿಗೆ ಹಾಕಿದರೆ ಉಳಿಯುವುದು 180 ರೂಪಾಯಿ, ಖರ್ಚಾಗುವುದು 215. ಇನ್ನೊಂದು ತುದಿಗೆ ಹೋಗಿ, ಪ್ರತಿ ಹಣ್ಣಿಗೂ 2 ರೂಪಾಯಿಯ ಗುರುತು ಅಂಟಿಸುತ್ತೇವೆಂದರೆ, ಕಾಲು ಕಿಲೋದ ಹಣ್ಣುಗಳು ಆ ವಾಹನದಲ್ಲಿ 8,000 ಇರುತ್ತವೆ; 6,000 ಉಳಿಸಲು 16,000 ಸುರಿದಂತಾಯಿತು.

ಹಾಗಾಗಿ ಯಾವ ತಂತ್ರಜ್ಞಾನ ಎಂಬ ಪ್ರಶ್ನೆಗೆ ಮೊದಲು, ಎಷ್ಟು ದೊಡ್ಡ ಗುಂಪನ್ನು ಒಂದು ಘಟಕವೆಂದು ಹಿಡಿಯಬೇಕು ಎಂಬುದು ತೀರ್ಮಾನವಾಗಬೇಕು. ಲಾಟು ಚಿಕ್ಕದಾದಷ್ಟೂ ಮಾಹಿತಿ ಸೂಕ್ಷ್ಮವಾಗುತ್ತದೆ, ಖರ್ಚೂ ಏರುತ್ತದೆ. ದೊಡ್ಡದಾದಷ್ಟೂ ಅಗ್ಗ, ಆದರೆ ಒಳ್ಳೆಯದೂ ಕೆಟ್ಟದ್ದೂ ಅದರೊಳಗೆ ಬೆರೆತುಹೋಗುತ್ತವೆ. ಇದನ್ನು ಕಂಪ್ಯೂಟರಿಗೂ ಮುಂಚೆ ಅಚ್ಚುಕಟ್ಟಾಗಿ ಬಗೆಹರಿಸಿದವರು ಹಾಲಿನ ಸಹಕಾರ ಸಂಘದವರು. ಕೊಡಗು ಹಾಸನ ಹಾಲು ಒಕ್ಕೂಟದ ವ್ಯಾಪ್ತಿಗೆ ಬರುತ್ತದೆ, ಕುಶಾಲನಗರದ ಬಳಿಯ ಕೂಡಿಗೆಯಲ್ಲಿ ಡೈರಿ ಇದೆ. ಹಳ್ಳಿಯ ಸಂಘದಲ್ಲಿ ಪ್ರತಿ ಸದಸ್ಯರು ಹಾಕುವ ಹಾಲಿನ ಅಳತೆ ಮತ್ತು ಕೊಬ್ಬಿನ ಅಂಶ ಅವರವರ ಹೆಸರಿನಲ್ಲಿ ದಾಖಲಾಗುತ್ತದೆ, ಹಣ ಅದಕ್ಕೆ ತಕ್ಕಂತೆ ಬರುತ್ತದೆ, ಆಮೇಲೆ ಎಲ್ಲರ ಹಾಲೂ ಒಂದೇ ಕ್ಯಾನಿಗೋ ಶೀತಲೀಕರಣದ ತೊಟ್ಟಿಗೋ ಸೇರುತ್ತದೆ. ಅಲ್ಲಿಂದ ಮುಂದೆ ಇದು ಯಾರ ಹಸುವಿನದು ಎಂದು ಯಾರೂ ಕೇಳುವುದಿಲ್ಲ, ಕೇಳುವ ಅಗತ್ಯವೂ ಇಲ್ಲ. ಏಕೆಂದರೆ ಬೆರೆಸುವ ಮುನ್ನವೇ ಪರೀಕ್ಷೆಯೂ ಬೆಲೆಯೂ ಮುಗಿದಿರುತ್ತದೆ. ಲೂಧಿಯಾನದ ಕೇಂದ್ರೀಯ ಕೊಯ್ಲೋತ್ತರ ತಂತ್ರಜ್ಞಾನ ಸಂಸ್ಥೆ 2015ರಲ್ಲಿ ಪ್ರಕಟಿಸಿದ ದೇಶವ್ಯಾಪಿ ಅಧ್ಯಯನದ ಪ್ರಕಾರ ಹಾಲಿನಲ್ಲಿ ನಷ್ಟ ಶೇ 0.92 ಮಾತ್ರ, ಹಣ್ಣುಗಳಲ್ಲಿ ಅದು ಶೇ 6.70ರಿಂದ 15.88ರವರೆಗೆ, ತರಕಾರಿಗಳಲ್ಲಿ ಶೇ 4.58ರಿಂದ 12.44ರವರೆಗೆ ಇತ್ತು. ಈ ಅಂತರಕ್ಕೆ ದಿನಕ್ಕೆರಡು ಬಾರಿಯ ಸಂಗ್ರಹಣೆ, ತಣ್ಣನೆಯ ತೊಟ್ಟಿ ಎಲ್ಲವೂ ಕಾರಣ ನಿಜ, ಆದರೂ ಗುಣಕ್ಕೆ ತಕ್ಕ ಬೆಲೆ ಮೊದಲ ಮೆಟ್ಟಿಲಲ್ಲೇ ಕೈಗೆ ಬರುವುದು ಸಣ್ಣ ಕಾರಣವೇನಲ್ಲ.

ಹಣ್ಣಿಗೆ ಈ ಸೌಲಭ್ಯವಿಲ್ಲ. ಹಾಲಿನ ಕೊಬ್ಬನ್ನು ನಿಂತ ನಿಲುವಿನಲ್ಲಿ ಅಳೆಯಬಹುದು, ಬೆಣ್ಣೆಹಣ್ಣಿನ ಒಳಗಿನ ಪೆಟ್ಟನ್ನು ಹೊಟ್ಟೆ ಸೀಳದೆ ನೋಡಲಾಗದು. ಕಿತ್ತಳೆಯದೂ ಇದೇ ಕಥೆ. ತೊಟ್ಟಿನ ಬಳಿ ಕತ್ತರಿಸದೆ ಕೈಯಿಂದ ಎಳೆದು ಕಿತ್ತರೆ ಸಿಪ್ಪೆ ತೊಟ್ಟಿನ ಬುಡದಲ್ಲಿ ಉಗುರಿನಷ್ಟು ಹರಿಯುತ್ತದೆ, ಆ ಗಾಯದಲ್ಲಿ ಹಸಿರು ಬೂಸ್ಟು ನೆಲೆಯೂರುತ್ತದೆ, ನಾಲ್ಕಾರು ದಿನಗಳಲ್ಲಿ ಪಕ್ಕದ ಹಣ್ಣುಗಳಿಗೂ ಹಬ್ಬುತ್ತದೆ. ಇಂಥ ಸರಕಿನಲ್ಲಿ ಗುಣ ಗೊತ್ತಾಗುವುದು ಸರಪಳಿಯ ಕೊನೆಯಲ್ಲಿ. ಗುಣ ನಿರ್ಧಾರವಾಗುವುದು ಅದರ ಆರಂಭದಲ್ಲಿ. ಎರಡನ್ನೂ ಜೋಡಿಸುವ ಎಳೆಯೇ ಆ ಚೀಟಿ. ಮತ್ತು ಆ ಎಳೆಯನ್ನು ಮಧ್ಯದಲ್ಲಿ ಕತ್ತರಿಸುವುದರಲ್ಲಿ ಕೆಲವರ ಹೊಟ್ಟೆಪಾಡಿದೆ ಎಂಬುದನ್ನೂ ಮರೆಯಬಾರದು. ಮರದ ಮೇಲೆಯೇ ಫಸಲನ್ನು ಗುತ್ತಿಗೆ ಹಿಡಿಯುವವರು ಹತ್ತು ತೋಟಗಳ ಹಣ್ಣನ್ನು ಒಟ್ಟುಗೂಡಿಸಿ, ಆರಿಸಿ, ಮೇಲೆ ಚೆಂದದ್ದನ್ನು ಜೋಡಿಸಿ ಮಾರುತ್ತಾರೆ. ಬೆರಕೆ ಮಾಡುವುದೇ ಅವರ ಕಸುಬಿನ ಲಾಭದ ಒಂದು ಭಾಗ. ಅವರನ್ನು ಖಳರೆಂದು ಬಣ್ಣಿಸುವುದು ನನಗೆ ಸರಿ ಕಾಣುವುದಿಲ್ಲ. ಮಳೆ, ಆನೆ, ಕೂಲಿಯಾಳುಗಳ ಕೊರತೆ ಇವೆಲ್ಲದರ ಹೊಣೆಯನ್ನು ಬೆಳೆಗಾರನಿಂದ ತಮ್ಮ ಮೇಲೆ ಹೊತ್ತುಕೊಳ್ಳುವವರು ಅವರೇ. ಆದರೆ ತೋಟದ ಹೆಸರು ಗ್ರಾಹಕನವರೆಗೆ ಹೋಗುವ ಯಾವ ಏರ್ಪಾಟಿನಲ್ಲಿಯೂ ಅವರಿಗೆ ಆಸಕ್ತಿ ಇರಬೇಕೆಂದು ನಿರೀಕ್ಷಿಸುವಂತಿಲ್ಲ.

ಇದೇ ಈ ಅರ್ಥಶಾಸ್ತ್ರದ ಗಂಟು. ಚೀಟಿ ಬರೆಯುವ ಶ್ರಮ ಬೆಳೆಗಾರನದು, ಉಳಿದ 6,000 ರೂಪಾಯಿ ಅಂಗಡಿಯವನದು. ಆ ಹಣದಲ್ಲಿ ಒಂದು ಪಾಲು ಹಿಂದಕ್ಕೆ ಹರಿದು ಬರುವ ಕರಾರು ಇಲ್ಲದಿದ್ದರೆ ಎಷ್ಟೇ ನಯವಾದ ಆ್ಯಪ್ ಮಾಡಿಕೊಟ್ಟರೂ ಮೊದಲ ಮಳೆಗೆ ಅದು ಕೊಚ್ಚಿಹೋಗುತ್ತದೆ. ಇದಕ್ಕಿಂತ ಕೆಟ್ಟ ಸಾಧ್ಯತೆಯೂ ಉಂಟು: ದಾಖಲೆ ಇದ್ದಲ್ಲಿ ತಪ್ಪು ಯಾರದೆಂದು ಗೊತ್ತಾಗುತ್ತದೆ, ಆದ್ದರಿಂದ ಬಹುಮಾನವಿಲ್ಲದೆ ಬರೀ ದಂಡಕ್ಕೆ ಮಾತ್ರ ಬಳಕೆಯಾಗುವ ದಾಖಲೆಯನ್ನು ಯಾರೂ ಪ್ರಾಮಾಣಿಕವಾಗಿ ಬರೆಯುವುದಿಲ್ಲ.

ಮಾಹಿತಿಯೇ ಹಣವಾಗುವ ಸಂದರ್ಭಗಳೂ ಇವೆ, ಅದಕ್ಕೆ ಅತ್ಯಂತ ಸ್ಪಷ್ಟವಾದ ಉದಾಹರಣೆ ನಮ್ಮ ಗಡಿಯಾಚೆಗೇ ಸಿಗುತ್ತದೆ. ವಿರಾಜಪೇಟೆಯಿಂದ ಮಾಕುಟ್ಟದ ಘಾಟಿ ಇಳಿದರೆ ಕಣ್ಣೂರು ಜಿಲ್ಲೆ. ಕಾಸರಗೋಡು, ಕಣ್ಣೂರು, ಕೋಯಿಕ್ಕೋಡ್ ಕರಾವಳಿಗೆ 1997ರಿಂದ 2001ರ ನಡುವೆ ಮೊಬೈಲ್ ಫೋನ್ ಹಂತಹಂತವಾಗಿ ಬಂತು. ಅದಕ್ಕೆ ಮುಂಚೆ ಭೂತಾಯಿ ಮೀನು ತುಂಬಿದ ದೋಣಿ ತನ್ನೂರಿನ ದಡಕ್ಕೇ ಬರಬೇಕು; ಅಲ್ಲಿ ಕೊಳ್ಳುವವರಿಲ್ಲದಿದ್ದರೆ ಮೀನನ್ನು ಸಮುದ್ರಕ್ಕೇ ಚೆಲ್ಲಬೇಕು, ಅದೇ ಬೆಳಿಗ್ಗೆ ಕೆಲವೇ ಕಿಲೋಮೀಟರ್ ದೂರದ ಇನ್ನೊಂದು ದಡದಲ್ಲಿ ಮೀನು ಸಾಲದೆ ವ್ಯಾಪಾರಿಗಳು ಬರಿಗೈಯಲ್ಲಿ ಮರಳುತ್ತಿದ್ದರೂ ಅದು ದೋಣಿಯವರಿಗೆ ಗೊತ್ತಾಗುತ್ತಿರಲಿಲ್ಲ. ಫೋನ್ ಬಂದ ಮೇಲೆ ದೋಣಿಯಿಂದಲೇ ವಿಚಾರಿಸಿ ದಡ ಆರಿಸಿಕೊಳ್ಳಲು ಶುರುಮಾಡಿದರು. ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸೆನ್ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಶೇ 5ರಿಂದ 8ರಷ್ಟಿದ್ದ ಪೋಲು ಬಹುಮಟ್ಟಿಗೆ ನಿಂತೇ ಹೋಯಿತು, ಮೀನುಗಾರರ ಲಾಭ ಸರಾಸರಿ ಶೇ 8ರಷ್ಟು ಏರಿತು, ಮೀನಿನ ಬೆಲೆ ಶೇ 4ರಷ್ಟು ಇಳಿಯಿತು. ಹಿಡಿದವರಿಗೂ ತಿಂದವರಿಗೂ ಒಟ್ಟಿಗೆ ಲಾಭವಾದದ್ದು ಹೇಗೆ ಎಂದು ಕೇಳಿದರೆ, ಮೊದಲು ಸಮುದ್ರದ ಪಾಲಾಗುತ್ತಿದ್ದದ್ದೇ ಇಬ್ಬರಿಗೂ ಹಂಚಿಕೆಯಾಯಿತು ಎಂಬುದೇ ಉತ್ತರ.

ಆ ಅಧ್ಯಯನದಿಂದ ನಾವು ಎತ್ತಿಕೊಳ್ಳಬೇಕಾದದ್ದು ಫೋನಿನ ಮಹಿಮೆಯನ್ನಲ್ಲ. ಮಾಹಿತಿ ಬಂದ ಮೇಲೆ ದೋಣಿಯನ್ನು ಬೇರೆ ದಡಕ್ಕೆ ತಿರುಗಿಸಲು ಸಾಧ್ಯವಿತ್ತು ಎಂಬುದು ಅಲ್ಲಿನ ಮುಖ್ಯ ಸಂಗತಿ. ತೀರ್ಮಾನವನ್ನು ಬದಲಿಸಲಾಗದ ಮಾಹಿತಿಗೆ ಬೆಲೆ ಇಲ್ಲ. ಈ ಅಳತೆಗೋಲಿನಿಂದ ಕೊಡಗಿನ ದಾರಿಗಳನ್ನು ನೋಡಿದರೆ ಎಲ್ಲ ದಾರಿಯೂ ಒಂದೇ ಅಲ್ಲ. ರೈಲುಮಾರ್ಗವಿಲ್ಲದ ಈ ಜಿಲ್ಲೆಯಲ್ಲಿ ಎಲ್ಲವೂ ರಸ್ತೆಯ ಮೇಲೆಯೇ ಓಡಬೇಕು. ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿಯುವ ವಾಹನದಲ್ಲಿ ಬಿಸಿ ಏರುತ್ತಿದೆ ಎಂದು ಉಪಗ್ರಹದ ಮೂಲಕ ಆ ಕ್ಷಣವೇ ತಿಳಿದರೂ ಚಾಲಕ ಮಾಡಬಹುದಾದದ್ದು ಹೆಚ್ಚೇನಿಲ್ಲ. ಘಾಟಿಯಲ್ಲಿ ಇಳಿಸಲು ಮಂಡಿಯಿಲ್ಲ, ಅನೇಕ ತಿರುವುಗಳಲ್ಲಿ ನೆಟ್‌ವರ್ಕ್ ಸಹ ಇಲ್ಲ. ಅಲ್ಲಿಗೆ ತಿಂಗಳ ಬಾಡಿಗೆ ಕೇಳುವ ನೇರ ನಿಗಾ ವ್ಯವಸ್ಥೆಗಿಂತ ತನ್ನೊಳಗೇ ಬರೆದಿಟ್ಟುಕೊಂಡು ಕೊನೆಯಲ್ಲಿ ಒಪ್ಪಿಸುವ ಅಗ್ಗದ ಲಾಗರ್ ಸಾಕು. ಗೋಣಿಕೊಪ್ಪಲು, ತಿತಿಮತಿ, ಹುಣಸೂರಿನ ಮೂಲಕ ಬೆಂಗಳೂರಿಗೆ ಹೋಗುವ ವಾಹನದ ವಿಷಯ ಬೇರೆ, ನಡುವೆ ಮೈಸೂರು ಇದೆ. ಅಲ್ಲಿ ಅರ್ಧ ಲೋಡು ಇಳಿಸಬೇಕೆ ಬೇಡವೆ ಎಂಬ ನಿಜವಾದ ಆಯ್ಕೆ ಇರುವುದರಿಂದ ಹುಣಸೂರಿಗೆ ಮುಂಚೆ ಬಂದ ಮಾಹಿತಿಗೆ ಹಣದ ರೂಪ ಸಿಗುತ್ತದೆ. 2018ರ ಆಗಸ್ಟಿನ ಭೂಕುಸಿತದಲ್ಲಿ ಮಡಿಕೇರಿ–ಸಂಪಾಜೆ ರಸ್ತೆ ಕುಸಿದು ಸಂಚಾರ ನಿಂತಾಗ ಎಷ್ಟು ಸರಕು ಎಲ್ಲೆಲ್ಲಿದೆ ಎಂಬ ಲೆಕ್ಕ ಇದ್ದಿದ್ದರೂ ಪ್ರಯೋಜನವಾಗುತ್ತಿತ್ತು. ಆದರೆ ಅಂಥ ವರ್ಷಗಳ ಭಯವನ್ನು ತೋರಿಸಿ ಪ್ರತಿ ಪಿಕಪ್‌ಗೂ ಜಿಪಿಎಸ್ ಮಾರುವುದು ಬೇರೆ ಮಾತು.

ಆಹಾರ ಸುರಕ್ಷತೆಯ ಲೆಕ್ಕ ಇನ್ನೊಂದು ಜಾತಿಯದು, ಅದು ವಿಮೆಯ ಹತ್ತಿರ ಬರುತ್ತದೆ. 2006ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಪಾಲಕ್ ಸೊಪ್ಪಿನಿಂದ ಇ. ಕೋಲಿ ಸೋಂಕು ಹಬ್ಬಿ ಸುಮಾರು 200 ಜನ ಕಾಯಿಲೆ ಬಿದ್ದರು, ಸಾವುಗಳೂ ಆದವು. ಮೂಲ ಗೊತ್ತಾಗದ ಕಾರಣ ಅಲ್ಲಿನ ಆಹಾರ ಇಲಾಖೆ ತಾಜಾ ಪಾಲಕ್ ತಿನ್ನಲೇಬೇಡಿ ಎಂದು ಇಡೀ ದೇಶಕ್ಕೆ ಹೇಳಬೇಕಾಯಿತು. ಕೊನೆಗೆ ಜಾಡು ಹೋಗಿ ನಿಂತದ್ದು ಕ್ಯಾಲಿಫೋರ್ನಿಯಾದ ಒಂದೇ ಜಿಲ್ಲೆಯ ಹೊಲವೊಂದರ ಬಳಿ. ಆ ನಡುವೆ ಯಾವ ತಪ್ಪೂ ಮಾಡದ ಬೆಳೆಗಾರರೆಲ್ಲ ಸೊಪ್ಪನ್ನು ಉಳುಮೆ ಮಾಡಿ ಮುಚ್ಚಿದರು. ಲಾಟು ಚಿಕ್ಕದಿದ್ದರೆ ಹಿಂದಕ್ಕೆ ಕರೆಸಬೇಕಾದ ಸರಕೂ ಚಿಕ್ಕದಾಗುತ್ತದೆ. ದಾಖಲೆಯ ಲಾಭ ಇಲ್ಲಿ ಪ್ರತಿದಿನ ಕಾಣುವುದಿಲ್ಲ, ಅಪರೂಪದ ಒಂದು ದಿನ ಒಟ್ಟಿಗೆ ಕಾಣುತ್ತದೆ. ಯೂರೋಪಿನ ಒಕ್ಕೂಟ 2005ರಿಂದ ಪ್ರತಿ ಆಹಾರ ವ್ಯಾಪಾರಿಯೂ ತಾನು ಯಾರಿಂದ ಕೊಂಡೆ, ಯಾವ ವ್ಯಾಪಾರಿಗೆ ಮಾರಿದೆ ಎಂಬುದನ್ನು ಹೇಳಬಲ್ಲವನಾಗಿರಬೇಕು ಎಂದು ಕಡ್ಡಾಯ ಮಾಡಿದ್ದು ಇದಕ್ಕೇ. ನಮ್ಮಲ್ಲಿಯೂ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 28ನೇ ಸೆಕ್ಷನ್ ಹಿಂದಕ್ಕೆ ಕರೆಸುವ ಹೊಣೆಯನ್ನು ಹೇಳುತ್ತದೆ, 2017ರಲ್ಲಿ ಅದರ ವಿಧಾನದ ನಿಯಮಗಳೂ ಬಂದಿವೆ. ಈ ಮಧ್ಯೆ ಬ್ಲಾಕ್‌ಚೈನ್ ಎಂಬ, ಒಮ್ಮೆ ಬರೆದದ್ದನ್ನು ಆಮೇಲೆ ತಿದ್ದಲಾಗದಂತೆ ಹಲವು ಕಂಪ್ಯೂಟರುಗಳಲ್ಲಿ ಹಂಚಿಡುವ ದಾಖಲೆ ಪದ್ಧತಿಯ ಪ್ರಚಾರ ಮಾಡುವವರು ವಾಲ್‌ಮಾರ್ಟ್ ನಡೆಸಿದ ಪ್ರಯೋಗವನ್ನು ಎತ್ತಿ ಹೇಳುವುದುಂಟು: ಹೋಳು ಮಾಡಿದ ಮಾವಿನ ಮೂಲ ಹುಡುಕಲು ಮುಂಚೆ ಹೆಚ್ಚುಕಡಿಮೆ ಏಳು ದಿನ ಬೇಕಾಗುತ್ತಿದ್ದದ್ದು 2.2 ಸೆಕೆಂಡಿಗೆ ಇಳಿಯಿತು. ನಿಜವೇ. ಆದರೆ ಆ 2.2 ಸೆಕೆಂಡು ಅಳೆಯುವುದು ದಾಖಲೆ ಸೇರಿದ ಮೇಲಿನ ವೇಗವನ್ನು. ತೋಟದ ಗೇಟಿನಲ್ಲಿ ತಪ್ಪು ಬರೆದದ್ದನ್ನು ಬ್ಲಾಕ್‌ಚೈನ್ ಅಳಿಸಲಾಗದಂತೆ ಕಾಪಾಡುತ್ತದೆ ಅಷ್ಟೆ.

ಕೊಡಗಿನ ಕಿತ್ತಳೆಗೆ ಮೂಲದ ದಾಖಲೆ ಬೇರೊಂದು ಕಾರಣಕ್ಕೆ ಬೇಕು. ಅದಕ್ಕೆ ಭೌಗೋಳಿಕ ಸೂಚಕದ, ಅಂದರೆ ಆ ಸೀಮೆಯಲ್ಲಿ ಬೆಳೆದದ್ದಕ್ಕೆ ಮಾತ್ರ ಆ ಹೆಸರು ಸಲ್ಲುತ್ತದೆ ಎಂಬ ಮಾನ್ಯತೆ ಇದೆ, ರೋಗಗಳಿಂದ ತೋಟಗಳು ಸೊರಗಿ ಫಸಲು ಕುಗ್ಗಿದೆ, ಹೆಸರಿಗೆ ಮಾತ್ರ ಬೇಡಿಕೆ ಕುಗ್ಗಿಲ್ಲ. ಹೆದ್ದಾರಿ ಬದಿಯಲ್ಲಿ ಕೊಡಗಿನದೆಂದು ಮಾರುವ ರಾಶಿಯಲ್ಲಿ ನಾಗಪುರದ ಹಣ್ಣು ಸೇರುವುದು ಇಲ್ಲಿನವರಿಗೆ ಹೊಸ ಸುದ್ದಿಯಲ್ಲ. ಬರೀ ಸ್ಟಿಕ್ಕರ್ ಇದನ್ನು ತಡೆಯುವುದಿಲ್ಲ, ಸ್ಟಿಕ್ಕರ್‌ನ ನಕಲು ಹಣ್ಣಿನ ನಕಲಿಗಿಂತ ಸುಲಭ. ತಡೆಯುವುದು ತೂಕದ ತಾಳೆ: ನೋಂದಾಯಿತ ತೋಟದಲ್ಲಿ ಎಷ್ಟು ಮರ, ಎಷ್ಟು ಫಸಲು ಎಂದು ಮೊದಲೇ ಅಂದಾಜಿಸಿ, ಆ ತೋಟದ ಹೆಸರಿನಲ್ಲಿ ಮಾರಾಟವಾದ ಒಟ್ಟು ತೂಕ ಅದನ್ನು ಮೀರಿದ ಕೂಡಲೇ ಹೊಸ ಗುರುತು ಕೊಡುವುದನ್ನು ನಿಲ್ಲಿಸುವುದು. ಯೂರೋಪಿಗೆ ಹೋಗುವ ದ್ರಾಕ್ಷಿಗಾಗಿ ಕೇಂದ್ರ ಸರ್ಕಾರದ ಕೃಷಿ ರಫ್ತು ಪ್ರಾಧಿಕಾರವಾದ ಅಪೆಡಾ 2006ರಲ್ಲಿ ಆರಂಭಿಸಿದ ಗ್ರೇಪ್‌ನೆಟ್ ತೋಟ ನೋಂದಣಿಯಿಂದ ಪ್ರಯೋಗಾಲಯದ ವರದಿಯವರೆಗೆ ಎಲ್ಲವನ್ನೂ ಹೀಗೆ ಕಟ್ಟಿಹಾಕಿ ಯಶಸ್ವಿಯಾಯಿತು. ಅಲ್ಲಿ ಒಂದು ಅನುಕೂಲವಿತ್ತು, ದಾಖಲೆ ಸರಿಯಿಲ್ಲದಿದ್ದರೆ ಸರಕು ಬಂದರು ದಾಟುವುದಿಲ್ಲ. ಕಾಫಿಗೂ ಅಂಥ ಬಾಗಿಲೊಂದು ತಯಾರಾಗುತ್ತಿದೆ: ಅರಣ್ಯನಾಶಕ್ಕೆ ಸಂಬಂಧಿಸಿದ ಯೂರೋಪಿನ ನಿಯಮಕ್ಕಾಗಿ ತೋಟದ ಭೂನಕ್ಷೆಯ ಗುರುತು ಕೊಡಬೇಕಾಗುತ್ತದೆ, ಜಾರಿಯ ದಿನಾಂಕ ಒಂದಕ್ಕಿಂತ ಹೆಚ್ಚು ಸಲ ಮುಂದೆ ಹೋಗಿದ್ದರೂ ಆ ಕೆಲಸಕ್ಕೆ ಕೈಹಾಕಿದ ಬೆಳೆಗಾರರಿದ್ದಾರೆ. ಅದೇ ಗುರುತನ್ನು ಅದೇ ತೋಟದ ಕಿತ್ತಳೆಗೂ ಬೆಣ್ಣೆಹಣ್ಣಿಗೂ ಬಳಸಿದರೆ ನೋಂದಣಿಯ ಖರ್ಚು ಒಂದೇ ಬಾರಿ ಬೀಳುತ್ತದೆ.

ಆದರೆ ಬೆಂಗಳೂರಿನ ಪೇಟೆಗೆ ಬಂದರಿನಂಥ ಬಾಗಿಲಿಲ್ಲ. ಅಲ್ಲಿ ಕೆಲಸ ನಡೆಯುವುದು ಕರಾರಿನಿಂದ ಮಾತ್ರ, ಮತ್ತು ಮೂರು ಕ್ರೇಟಿನ ಬೆಳೆಗಾರ ಒಬ್ಬನೇ ಕರಾರು ಮಾಡಿಕೊಳ್ಳಲಾರ. ಇಪ್ಪತ್ತು ಮೂವತ್ತು ತೋಟಗಳು ಸೇರಿದ ಗುಂಪೋ, ಪತ್ತಿನ ಸಹಕಾರ ಸಂಘವೋ ಸಂಗ್ರಹಣೆಯ ಘಟಕವಾದರೆ ಲಾಗರ್‌ನ 200 ರೂಪಾಯಿ ಎಲ್ಲರಿಗೂ ಹಂಚಿಹೋಗುತ್ತದೆ. ಕ್ರೇಟಿನ ಮೇಲೆ ತೋಟದ ಸಂಖ್ಯೆ, ಕೊಯ್ದ ದಿನ, ಕೊಯ್ದ ವಿಧಾನ ಇಷ್ಟು ಬರೆದರೆ ಆರಂಭಕ್ಕೆ ಸಾಕು, ಮಳೆಗೆ ಅಳಿಯದ ಪೆನ್ನು ಮಾತ್ರ ಬೇಕು. ಬೆಲೆಯ ದೊಡ್ಡ ಪಾಲನ್ನು ಸರಕು ಇಳಿಸಿದಾಗಲೂ ಉಳಿದ ಪಾಲನ್ನು ಹಣ್ಣಾದ ಮೇಲೆ ಬರುವ ಅಂಗಡಿಯ ವರದಿಗೆ ತಕ್ಕಂತೆಯೂ ಕೊಡುವುದೆಂದು ಗೊತ್ತುಮಾಡಿಕೊಂಡರೆ, ಏಣಿಗೂ ಕತ್ತರಿಗೂ ಮಾಡಿದ ಖರ್ಚು ಕ್ರೇಟಿನ ಸಂಖ್ಯೆಯ ಮೂಲಕ ಅದೇ ತೋಟಕ್ಕೆ ಮರಳುತ್ತದೆ. ಅಂಗಡಿಯವನು ಸುಳ್ಳು ವರದಿ ಕೊಟ್ಟರೆ ಏನು ಗತಿ ಎಂಬ ಪ್ರಶ್ನೆಗೂ ಸರಳವಾದ ಉಪಾಯವಿದೆ. ಪ್ರತಿ ಲಾಟಿನಿಂದ ನಾಲ್ಕೈದು ಕಾಯಿಗಳನ್ನು ಸಂಘದ ಕೋಣೆಯಲ್ಲೇ ಚೀಟಿ ಸಮೇತ ಉಳಿಸಿಕೊಂಡು, ಮೆತ್ತಗಾದ ದಿನ ಸೀಳಿ ನೋಡಿ, ಒಳಗಿನ ತಿರುಳಿನ ಫೋಟೊವನ್ನು ಆ ಸಂಖ್ಯೆಯ ಜೊತೆ ಇಟ್ಟುಕೊಳ್ಳುವುದು. ಬೆಂಗಳೂರಿನಿಂದ ಕಪ್ಪಾಗಿದೆ ಎಂಬ ವರದಿ ಬಂದ ಲಾಟು ಇಲ್ಲಿ ಚೆನ್ನಾಗಿಯೇ ಹಣ್ಣಾಗಿದ್ದರೆ ಅದು ಹಾಳಾದದ್ದು ದಾರಿಯಲ್ಲಿರಬೇಕು ಅಥವಾ ಅಂಗಡಿಯಲ್ಲಿರಬೇಕು, ಆಗ ಲಾಗರ್ ತೆರೆದು ನೋಡಬಹುದು. ಇಲ್ಲಿಯೂ ಕಪ್ಪಾಗಿದ್ದರೆ ಆ ತೋಟದಲ್ಲಿ ಕೋಲು ಹಿಡಿದವರನ್ನು ವಿಚಾರಿಸಬೇಕು.